ಓಬಜ್ಜಿ ಕಳಕೊಂಡ ಹೂಂ

ಬನ್ನಿ, ಗೋಡೆಗೆ ಒರಗಿ ಕೂತ್ಕೊಳ್ಳಿ. ಬಾಗಿಲಿಗೆ ಬೆನ್ನು ಕೊಡಬೇಡಿ. ನಾನು ಕಥೆ ಹೇಳ್ತೀನಿ, ನೀವು ಹೂಂ ಅನ್ನಿ. ಹೂಂ ಅನ್ನದೆ ಕಥೆ ಕೇಳಬಾರದು. ಕೇಳಿದರೆ ಏನಾಗುತ್ತೆ? ಅದನ್ನೇ ಹೇಳೋಕೆ ಹೊರಟಿದ್ದೀನಿ.

ಎಲ್ಲಿ, ಒಂದು ಸಲ ಅನ್ನಿ. ಅಯ್ಯೋ, ಅಷ್ಟು ಮೆಲ್ಲಗಾ? ಹೊಟ್ಟೆಗೆ ಏನೂ ತಿಂದಿಲ್ವಾ? ಹಾಂ, ಹಾಗೆ.

ಒಬ್ಬಳು ಓಬಜ್ಜಿ. ಅವಳದೊಂದು ಹಳೇ ಮನೆ. ಮನೆ ತುಂಬ ಸಾಮಾನು. ಅತ್ತೆ ತಂದದ್ದು, ಅತ್ತೆಯ ಅತ್ತೆ ತಂದದ್ದು, ಯಾರು ತಂದರೋ ಗೊತ್ತೇ ಇಲ್ಲದ್ದು. ಅಟ್ಟದ ಮೇಲೆ ಸಾಮಾನು. ಮಂಚದ ಕೆಳಗೆ ಸಾಮಾನು. ಬಾಗಿಲ ಸಂದಿಯಲ್ಲೂ ಸಾಮಾನು. ನಡುವೆ ಓಬಜ್ಜಿ ಮಂಡಿ ಮಡಚಿಕೊಂಡು ಮಲಗುತ್ತಿದ್ದಳು. ಕಾಲು ಚಾಚಿದರೆ ಒರಳು ತಾಗುತ್ತಿತ್ತು. ಕೈ ಚಾಚಿದರೆ ಗುಡಾಣ ತಾಗುತ್ತಿತ್ತು. ಗುಡಾಣ ಗೊತ್ತಲ್ಲ? ಕಾಳು ತುಂಬಿಡುವ ದೊಡ್ಡ ಮಣ್ಣಿನ ಮಡಕೆ. ನಿಮ್ಮಲ್ಲಿ ಒಬ್ಬರು ಅದರೊಳಗೆ ಬಚ್ಚಿಟ್ಟುಕೊಂಡರೆ ಯಾರಿಗೂ ಸಿಗುವುದಿಲ್ಲ.

ದಿನಾ ಮುಸ್ಸಂಜೆಗೆ ಓಬಜ್ಜಿ ಕಥೆ ಹೇಳುತ್ತಿದ್ದಳು. ಯಾರಿಗೆ? ಅವಳಿಗೆ ಅವಳೇ. ಕಥೆ ಹೇಳದಿದ್ದರೆ ಅವಳಿಗೆ ನಿದ್ದೆ ಹತ್ತದು. "ಒಂದೂರು" ಅಂದರೆ ಮನೆಯೊಳಗಿಂದ "ಹೂಂ" ಅಂತ ಕೇಳುತ್ತಿತ್ತು. "ಊರಿಗೊಬ್ಬ ರಾಜ" ಅಂದರೆ "ಹೂಂ" ಅಂತ ಕೇಳುತ್ತಿತ್ತು. ಯಾರು ಅನ್ನುತ್ತಿದ್ದರು? ಓಬಜ್ಜಿ ಯಾವತ್ತೂ ಎದ್ದು ನೋಡಲಿಲ್ಲ. ಮನೆ ಅಂದಮೇಲೆ ಹೂಂ ಅನ್ನುತ್ತೆ ಅಂದುಕೊಂಡಿದ್ದಳು.

ಒಂದು ದಿನ ಪಕ್ಕದ ಮನೆ ಸಾಕವ್ವ ಉಪ್ಪಿಗೆ ಬಂದಳು. ಒಳಗೆ ಕಾಲಿಡೋಕೆ ಜಾಗವಿಲ್ಲ. ಹೊಸ್ತಿಲಲ್ಲೇ ನಿಂತಳು.

"ಓಬಜ್ಜೀ, ಇದೇನು ಮನೆಯೋ ಸಂತೆಯೋ? ನಿಂಗೂ ವಯಸ್ಸಾಯ್ತು. ಇನ್ನಾದ್ರೂ ಕಾಲು ಚಾಚ್ಕೊಂಡು ಮಲಗಬಾರ್ದಾ?"

ಓಬಜ್ಜಿಗೂ ಮಂಡಿ ನೋಯುತ್ತಿತ್ತು. "ಹೌದು ಕಣೆ. ಸಾಕಾಗಿದೆ. ಇವತ್ತೇ ಎಲ್ಲಾ ಆಚೆಗೆ" ಅಂದಳು.

ಗಾಡಿ ಮೂಡ್ಲಪ್ಪ ಬಂದ. ಸಾಮಾನೆಲ್ಲ ಗಾಡಿಗೆ ಹೇರಿದ. ಧೂಳೋ ಧೂಳು! ಓಬಜ್ಜಿ ಸೀನಿದಳು, ಕೆಮ್ಮಿದಳು, ಸಿಡುಕಿದಳು. ಹೊಸ್ತಿಲಲ್ಲಿ ನಿಂತು ಕೈ ಬೀಸಿದಳು.

"ಸೀರೆ, ಹೋಗು! ದೀಪ, ಹೋಗು! ಒರಳು, ಹೋಗು! ಒನಕೆ, ಹೋಗು! ಸಿಂಬಿ, ಹೋಗು! ಗುಡಾಣ, ಹೋಗು!"

"ಅಜ್ಜಿ, ಹಂಗನ್ನಬೇಡ" ಅಂದ ಮೂಡ್ಲಪ್ಪ.

"ನೀನು ಗಾಡಿ ಹೊಡಿಯೋ" ಅಂದಳು ಓಬಜ್ಜಿ.

ಗಾಡಿ ಹೋಯಿತು. ಬೇಕಾದವರು ಬೇಕಾದ್ದು ಇಳಿಸಿಕೊಂಡರು. ಓಬಜ್ಜಿ ಮನೆ ಗುಡಿಸಿದಳು. ಮನೆ ನಡುವೆ ಚಾಪೆ ಹಾಸಿದಳು. ಕಾಲು ಚಾಚಿದಳು. ಏನೂ ತಾಗಲಿಲ್ಲ. ಆಹಾ!

ಮುಸ್ಸಂಜೆಯಾಯಿತು. ಓಬಜ್ಜಿ ಕಥೆ ಶುರು ಮಾಡಿದಳು.

"ಒಂದೂರು."

ಹೂಂ ಇಲ್ಲ.

"ಊರಲ್ಲೊಂದು ಮನೆ."

ಹೂಂ ಇಲ್ಲ.

"ಮುಸ್ಸಂಜೆ ಹೊತ್ತು. ಯಾರೋ ಬಂದು ಬಾಗಿಲು ತಟ್ಟಿದರು."

ಹೂಂ ಇಲ್ಲ. ಮನೆ ಮೂಲೆಯಲ್ಲೂ ಇಲ್ಲ. ಅಟ್ಟದ ಮೇಲೂ ಇಲ್ಲ. ಬಾಗಿಲ ಸಂದಿಯಲ್ಲೂ ಇಲ್ಲ. ಹೂಂ ಕಳೆದುಹೋಗಿತ್ತು.

ಓಬಜ್ಜಿ ಮುಂದಕ್ಕೆ ಹೇಳೋಣ ಅಂತ ಬಾಯಿ ತೆರೆದಳು. ಮಾತು ಬರಲಿಲ್ಲ. ಹೂಂ ಇಲ್ಲದೆ ಕಥೆ ಹೆಜ್ಜೆ ಎತ್ತದು. ಕಥೆ ಅಲ್ಲೇ ನಿಂತಿತು. ಕಥೆಯ ಜೊತೆ ಹೊತ್ತೂ ನಿಂತಿತು. ಬೆಳಕೂ ಅಲ್ಲ, ಕತ್ತಲೂ ಅಲ್ಲ.

ಆಗ ಬಾಗಿಲ ಸದ್ದು. ಟಕ್ ಟಕ್.

ಕಥೆಯಲ್ಲಿ ಅಲ್ಲ, ಓಬಜ್ಜಿಯ ಮನೆ ಬಾಗಿಲಲ್ಲೇ!

"ಯಾರು?" ಅಂದಳು ಓಬಜ್ಜಿ.

"ಯಾರೋ" ಅಂತ ಹೊರಗಿನಿಂದ ಕೇಳಿತು. "ಯಾರೋ ಅಂತ ತಾನೇ ನೀನು ಹೇಳಿದ್ದು? ಯಾರು ಅಂತ ಹೇಳಲೇ ಇಲ್ಲ. ಅದಕ್ಕೇ ನನಗೆ ಮುಖ ಇಲ್ಲ. ಕಥೆ ಮುಂದಕ್ಕೆ ಹೇಳಿ ಮುಖ ಕೊಡು. ಇಲ್ಲದಿದ್ದರೆ ನಿನ್ನ ಮುಖ ಕೊಡು."

ಮುಖ ಇಲ್ಲದೆ ಅದು ಹೇಗೆ ಮಾತಾಡಿತು? ನನ್ನ ಕೇಳಬೇಡಿ. ಓಬಜ್ಜಿ ಕಿಟಕಿಯಿಂದ ಇಣುಕಿದಳು. ಉದ್ದಕ್ಕೆ ಏನೋ ನಿಂತಿತ್ತು. ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ. ಕೆನ್ನೆ ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷದ ಮುಖ, ಸುಕ್ಕಾದರೇನು, ಅವಳದೇ. ಕೊಡಲಾದೀತೇ?

ಹಿತ್ತಿಲ ಬಾಗಿಲಿಂದ ಹೊರಗೆ ಓಡಿದಳು. ಹೂಂ ಹುಡುಕಲೇಬೇಕು.

ನಡೆದಳು, ನಡೆದಳು. ಬೀದಿಯಲ್ಲಿ ಎಲ್ಲರೂ ನಿಂತಲ್ಲೇ ನಿಂತಿದ್ದರು. ಸಾಕವ್ವ ಜಗಲಿಯಲ್ಲಿ ಬಾಯಿ ತೆರೆದು "ಓಬ..." ಅಂತ ನಿಂತಿದ್ದಳು. "ಜ್ಜಿ" ಇನ್ನೂ ಬಂದಿರಲಿಲ್ಲ. ಮೂಡ್ಲಪ್ಪ ಎತ್ತಿಗೆ ಹುಲ್ಲು ಹಿಡಿದು ನಿಂತಿದ್ದ. ಎತ್ತು ಬಾಲ ಎತ್ತಿಕೊಂಡು ನಿಂತಿತ್ತು. ಯಾರೂ ರೆಪ್ಪೆ ಬಡಿಯಲಿಲ್ಲ.

ಮೂಡ್ಲಪ್ಪನ ಅಂಗಳದಲ್ಲಿ ಗುಡಾಣ ಮಗ್ಗುಲಾಗಿ ಬಿದ್ದಿತ್ತು. ಅದರ ಹೊಟ್ಟೆಯೊಳಗೆ ಸಣ್ಣಗೆ ಏನೋ ಕೇಳಿಸಿತು. "ಹೂಂ."

"ಗುಡಾಣ ಗುಡಾಣ, ಹೂಂ ಕೊಡು! ಹೂಂ ಸಿಕ್ಕರೆ ಕಥೆ ನಡೆಯುತ್ತೆ. ಕಥೆ ನಡೆದರೆ ಬಾಗಿಲಲ್ಲಿ ನಿಂತದ್ದಕ್ಕೆ ಮುಖ ಬರುತ್ತೆ. ಇಲ್ಲದಿದ್ದರೆ ಅದು ನನ್ನ ಮುಖ ಇಸಕೊಳ್ಳುತ್ತೆ."

ಗುಡಾಣ ಅತ್ತ ಉರುಳಿತು, ಇತ್ತ ಉರುಳಿತು. "ಹೇಗೆ ಕೊಡ್ಲಿ? ನನ್ನ ಒಂದು ಕಡೆ ಕಳಿಸಿದೆ, ನನ್ನ ಸಿಂಬಿನ ಇನ್ನೊಂದು ಕಡೆ ಕಳಿಸಿದೆ. ಸಿಂಬಿ ಇಲ್ದೆ ನೆಟ್ಟಗೆ ಕೂರೋಕಾಗಲ್ಲ. ನೆಟ್ಟಗೆ ಕೂರ್ದೆ ಹೂಂ ಬಾಯಿಗೆ ಬರಲ್ಲ. ಸಿಂಬಿ ತಾ."

ಸಿಂಬಿ ಅಂದರೆ ಹುಲ್ಲು ಸುತ್ತಿ ಮಾಡಿದ ಬಳೆ, ಮಡಕೆ ಕೂರೋಕೆ. ಅದನ್ನು ಕಾಗೆ ಎತ್ತಿಕೊಂಡು ಹೋಗಿತ್ತು.

ನಡೆದಳು, ನಡೆದಳು. ಹಿಂದೆ ಬಾಗಿಲ ಸದ್ದು. ಟಕ್ ಟಕ್. ಹುಣಸೆಮರದ ತುದಿಯಲ್ಲಿ ಸಿಂಬಿ ತೂಗುತ್ತಿತ್ತು. ಗಾಳಿ ಇರಲಿಲ್ಲ. ಆದರೂ ತೂಗುತ್ತಿತ್ತು.

"ಸಿಂಬಿ ಸಿಂಬಿ, ಇಳಿದು ಬಾ! ನೀನು ಇಳಿದರೆ ಗುಡಾಣ ಕೂರುತ್ತೆ. ಗುಡಾಣ ಕೂತರೆ ಹೂಂ ಸಿಗುತ್ತೆ. ಹೂಂ ಸಿಕ್ಕರೆ ಕಥೆ ನಡೆಯುತ್ತೆ. ಕಥೆ ನಡೆದರೆ ಬಾಗಿಲಲ್ಲಿ ನಿಂತದ್ದಕ್ಕೆ ಮುಖ ಬರುತ್ತೆ. ಇಲ್ಲದಿದ್ದರೆ ಅದು ನನ್ನ ಮುಖ ಇಸಕೊಳ್ಳುತ್ತೆ."

"ಹೇಗೆ ಇಳೀಲಿ? ನಂಗೇನು ಕಾಲಿದೆಯಾ?" ಅಂತು ಸಿಂಬಿ. "ಒನಕೆ ತಂದು ತಟ್ಟು. ಬೀಳ್ತೀನಿ."

ನಡೆದಳು, ನಡೆದಳು. ಹಿಂದೆ ಬಾಗಿಲ ಸದ್ದು. ಟಕ್ ಟಕ್. ದೂರ ಹೋದಷ್ಟೂ ಸದ್ದು ಸಣ್ಣದಾಗಬೇಕು, ಅಲ್ವಾ? ಆಗಲಿಲ್ಲ. ಸಾಕವ್ವನ ಹಿತ್ತಿಲಲ್ಲಿ ಒನಕೆ ಗೋಡೆ ಕಡೆ ತಿರುಗಿಕೊಂಡು ನಿಂತಿತ್ತು.

"ಒನಕೆ ಒನಕೆ, ತಟ್ಟು ಬಾ! ನೀನು ತಟ್ಟಿದರೆ ಸಿಂಬಿ ಇಳಿಯುತ್ತೆ. ಸಿಂಬಿ ಇಳಿದರೆ ಗುಡಾಣ ಕೂರುತ್ತೆ. ಗುಡಾಣ ಕೂತರೆ ಹೂಂ ಸಿಗುತ್ತೆ. ಹೂಂ ಸಿಕ್ಕರೆ ಕಥೆ ನಡೆಯುತ್ತೆ. ಕಥೆ ನಡೆದರೆ ಬಾಗಿಲಲ್ಲಿ ನಿಂತದ್ದಕ್ಕೆ ಮುಖ ಬರುತ್ತೆ. ಇಲ್ಲದಿದ್ದರೆ ಅದು ನನ್ನ ಮುಖ ಇಸಕೊಳ್ಳುತ್ತೆ."

"ತಟ್ಟೋದಾ? ಹಾಗಂದ್ರೇನು?" ಅಂತು ಒನಕೆ. "ನನ್ನ ಒಂದು ಕಡೆ ಕಳಿಸಿದೆ, ನನ್ನ ಒರಳನ್ನ ಇನ್ನೊಂದು ಕಡೆ ಕಳಿಸಿದೆ. ಒರಳಿಲ್ದೆ ನಂಗೆ ಎಲ್ಲಾ ಮರ್ತುಹೋಯ್ತು. ಒರಳಿನ ಗುಳೀಲಿ ಒಂದು ಸಲ ಕುಟ್ಟಿಸು. ತಟ್ಟೋದು ನೆನಪಾಗುತ್ತೆ."

ಓಬಜ್ಜಿ ಒನಕೆ ಎತ್ತಿ ಹೆಗಲಿಗೆ ಹಾಕಿಕೊಂಡಳು.

ನಡೆದಳು, ನಡೆದಳು. ಹಿಂದೆ ಬಾಗಿಲ ಸದ್ದು. ಟಕ್ ಟಕ್. ಕೆರೆ ಏರಿ ಮೇಲೆ ಒರಳು ಕೂತಿತ್ತು. ಕೆರೆಯಲ್ಲಿ ಅಲೆ ಎದ್ದಲ್ಲೇ ನಿಂತಿತ್ತು.

"ಒರಳೇ ಒರಳೇ, ಗುಳಿ ಕೊಡು! ನೀನು ಗುಳಿ ಕೊಟ್ಟರೆ ಒನಕೆ ಕುಟ್ಟುತ್ತೆ. ಒನಕೆ ಕುಟ್ಟಿದರೆ ಸಿಂಬಿ ಇಳಿಯುತ್ತೆ. ಸಿಂಬಿ ಇಳಿದರೆ ಗುಡಾಣ ಕೂರುತ್ತೆ. ಗುಡಾಣ ಕೂತರೆ ಹೂಂ ಸಿಗುತ್ತೆ. ಹೂಂ ಸಿಕ್ಕರೆ ಕಥೆ ನಡೆಯುತ್ತೆ. ಕಥೆ ನಡೆದರೆ ಬಾಗಿಲಲ್ಲಿ ನಿಂತದ್ದಕ್ಕೆ ಮುಖ ಬರುತ್ತೆ. ಇಲ್ಲದಿದ್ದರೆ ಅದು ನನ್ನ ಮುಖ ಇಸಕೊಳ್ಳುತ್ತೆ."

"ಶ್..." ಅಂತು ಒರಳು. "ಮೆಲ್ಲಗೆ ಮಾತಾಡು. ನನ್ನ ಗುಳೀಲಿ ಏನೋ ಕೂತಿದೆ. ತಣ್ಣಗಿದೆ. ಉಸಿರಾಡ್ತಿದೆ. ಏನಂತ ನೋಡ್ದೆ ಕುಟ್ಟಿಸಲ್ಲ. ದೀಪ ತಾ."

ಓಬಜ್ಜಿ ಗುಳಿಗೆ ಕೈ ಹಾಕಲಿಲ್ಲ. ನೀವಾದರೆ ಹಾಕ್ತಿದ್ರಾ?

ನಡೆದಳು, ನಡೆದಳು. ಹಿಂದೆ ಬಾಗಿಲ ಸದ್ದು. ಟಕ್ ಟಕ್. ಮೂಲೆ ಅಂಗಡಿಯ ಕಟ್ಟೆ ಮೇಲೆ ಬುಡ್ಡಿದೀಪ ಇತ್ತು. ಆರಿತ್ತು.

"ದೀಪವೇ ದೀಪವೇ, ಬೆಳಕು ಕೊಡು! ನೀನು ಬೆಳಗಿದರೆ ಒರಳು ಗುಳಿ ಕೊಡುತ್ತೆ. ಒರಳು ಗುಳಿ ಕೊಟ್ಟರೆ ಒನಕೆ ಕುಟ್ಟುತ್ತೆ. ಒನಕೆ ಕುಟ್ಟಿದರೆ ಸಿಂಬಿ ಇಳಿಯುತ್ತೆ. ಸಿಂಬಿ ಇಳಿದರೆ ಗುಡಾಣ ಕೂರುತ್ತೆ. ಗುಡಾಣ ಕೂತರೆ ಹೂಂ ಸಿಗುತ್ತೆ. ಹೂಂ ಸಿಕ್ಕರೆ ಕಥೆ ನಡೆಯುತ್ತೆ. ಕಥೆ ನಡೆದರೆ ಬಾಗಿಲಲ್ಲಿ ನಿಂತದ್ದಕ್ಕೆ ಮುಖ ಬರುತ್ತೆ. ಇಲ್ಲದಿದ್ದರೆ ಅದು ನನ್ನ ಮುಖ ಇಸಕೊಳ್ಳುತ್ತೆ."

"ಎಣ್ಣೆ ಇದೆ, ಬತ್ತಿ ಇಲ್ಲ" ಅಂತು ದೀಪ. "ನಿನ್ನ ಹಳೇ ಸೀರೆ ಸೆರಗಿಂದ ಬತ್ತಿ ಹೊಸೀತಿದ್ದೆ, ಮರ್ತೆಯಾ? ಆ ಸೀರೆನೇ ಕೇಳು ಹೋಗು."

ದೀಪವೂ "ಹೋಗು" ಅಂತು. ಓಬಜ್ಜಿಗೆ ಚುಚ್ಚಿದ ಹಾಗಾಯಿತು. ಯಾಕೆ ಅಂತ ತಿಳಿಯಲಿಲ್ಲ. ದೀಪ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಡೆದಳು, ನಡೆದಳು. ಹಿಂದೆ ಬಾಗಿಲ ಸದ್ದು. ಟಕ್ ಟಕ್. ಟಕ್ ಟಕ್. ಜೋಳದ ಹೊಲದ ನಡುವೆ ಯಾರೋ ಹೆಂಗಸು ನಿಂತಿದ್ದಳು. ಓಬಜ್ಜಿಯ ಹಾಗೇ ಗಿಡ್ಡ. ಓಬಜ್ಜಿಯ ಹಾಗೇ ಬಗ್ಗಿದ ಬೆನ್ನು. ಓಬಜ್ಜಿಯದೇ ಸೀರೆ! ಹತ್ತಿರ ಹೋದರೆ, ಬೆದರುಬೊಂಬೆ. ಅದರ ತಲೆ ಒಂದು ಮಡಕೆ. ಮಡಕೆಗೂ ಮುಖ ಬರೆದಿರಲಿಲ್ಲ.

ಓಬಜ್ಜಿಗೆ ಅಳು ಬಂತು. ಆದರೂ ಹೇಳಿದಳು.

"ಸೀರೆ ಸೀರೆ, ಬತ್ತಿ ಕೊಡು! ನೀನು ಬತ್ತಿ ಕೊಟ್ಟರೆ ದೀಪ ಬೆಳಗುತ್ತೆ. ದೀಪ ಬೆಳಗಿದರೆ ಒರಳು ಗುಳಿ ಕೊಡುತ್ತೆ. ಒರಳು ಗುಳಿ ಕೊಟ್ಟರೆ ಒನಕೆ ಕುಟ್ಟುತ್ತೆ. ಒನಕೆ ಕುಟ್ಟಿದರೆ ಸಿಂಬಿ ಇಳಿಯುತ್ತೆ. ಸಿಂಬಿ ಇಳಿದರೆ ಗುಡಾಣ ಕೂರುತ್ತೆ. ಗುಡಾಣ ಕೂತರೆ ಹೂಂ ಸಿಗುತ್ತೆ. ಹೂಂ ಸಿಕ್ಕರೆ ಕಥೆ ನಡೆಯುತ್ತೆ. ಕಥೆ ನಡೆದರೆ ಬಾಗಿಲಲ್ಲಿ ನಿಂತದ್ದಕ್ಕೆ ಮುಖ ಬರುತ್ತೆ. ಇಲ್ಲದಿದ್ದರೆ ಅದು ನನ್ನ ಮುಖ ಇಸಕೊಳ್ಳುತ್ತೆ."

ಸೀರೆಯ ಸೆರಗು ಮೆಲ್ಲಗೆ ಅಲ್ಲಾಡಿತು.

"ನಂಗೆ ಏನೂ ಬೇಡ ಓಬವ್ವ. ಒಂದು ಮಾತು ಕೇಳ್ತೀನಿ. ಸಾಕವ್ವ ಉಪ್ಪು ಇಸ್ಕೊಂಡು ಹೊರಟ್ರೆ ಏನಂತೀಯ?"

"ಹೋಗಿ ಬಾ ಅಂತೀನಿ."

"ಬೀದಿ ನಾಯಿ ಒಳಗೆ ಬಂದ್ರೆ?"

"ಹೋಗು ಅಂತೀನಿ."

"ಗಾಡಿ ಹೊರಟಾಗ ನಂಗೇನಂದೆ?"

ಓಬಜ್ಜಿಗೆ ಈಗ ಗೊತ್ತಾಯಿತು. ಮನೆಯಿಂದ ಹೊರಟವರಿಗೆ ಬರೀ ಹೋಗು ಅಂತಾರಾ? ಯಾರಾದರೂ ಅಂತಾರಾ? ಹೋಗು ಅಂದರೆ ಆಯಿತು, ಕೇಳಿಸಿಕೊಂಡವರೆಲ್ಲ ಹೊರಟುಬಿಡ್ತಾರೆ. ಗುಡಾಣದೊಳಗೆ ಕೂತಿದ್ದ ಹೂಂ ಕೂಡ ಕೇಳಿಸಿಕೊಂಡಿತು. ನನಗೇ ಅಂದಳು ಅಂತ ಹೊರಟಿತು.

ಓಬಜ್ಜಿ ಸೀರೆಯ ನೆರಿಗೆಯಲ್ಲಿ ಮುಖ ಇಟ್ಟಳು. "ತಪ್ಪಾಯ್ತು ಕಣವ್ವ. ಧೂಳಿನ ಮೇಲೆ ಸಿಟ್ಟು ಬಂದಿತ್ತು, ನಿನ್ನ ಮೇಲಲ್ಲ. ಹೊಲ ಕಾಯಿ, ಗಾಳಿಗೆ ಆಡು. ಹೋಗಿ ಬಾ."

ಪರ್ ಅಂತ ಸೆರಗು ತಾನಾಗಿ ಹರಿಯಿತು. ಒಂದು ಚೂರು ಓಬಜ್ಜಿಯ ಕೈಗೆ ಬಿತ್ತು.

ಇನ್ನು ನೋಡಿ, ಓಬಜ್ಜಿಯ ಓಟ!

ಸೀರೆ ಬತ್ತಿ ಕೊಟ್ಟಿತು. ಬತ್ತಿ ಹೊಸೆದಳು, ಕಡ್ಡಿ ಗೀರಿದಳು, ದೀಪ ಬೆಳಗಿತು. ದೀಪ ಒರಳಿನ ಗುಳಿಯೊಳಗೆ ಇಣುಕಿತು. ಅಲ್ಲಿ ಏನಿತ್ತು? ಕಪ್ಪೆ! "ವಟರ್" ಅಂತ ಹಾರಿ ಕೆರೆಗೆ ಬಿತ್ತು. "ಇದಕ್ಕಾ ನಾನು ಹೆದರಿದ್ದು!" ಅಂತ ಒರಳು ಗುಳಿ ಕೊಟ್ಟಿತು. "ಹೋಗಿ ಬಾ ಒರಳೇ. ಹೋಗಿ ಬಾ ದೀಪವೇ, ಒರಳಿಗೆ ಜೊತೆಗಿರು" ಅಂದಳು ಓಬಜ್ಜಿ. ಒನಕೆ ಧಡ್ ಅಂತ ಕುಟ್ಟಿತು. ಎಲ್ಲಾ ನೆನಪಾಯಿತು. ಹುಣಸೆಮರಕ್ಕೆ ಹೋಗಿ ತಟ್ಟಿತು. ಸಿಂಬಿ ದೊಪ್ ಅಂತ ಇಳಿಯಿತು. "ಹೋಗಿ ಬಾ ಒನಕೆ." ಸಿಂಬಿ ಹಾಸಿದಳು. ಗುಡಾಣ ನೆಟ್ಟಗೆ ಕೂತಿತು. "ಹೋಗಿ ಬಾ ಸಿಂಬಿ. ಹೋಗಿ ಬಾ ಗುಡಾಣ. ಇಲ್ಲೇ ಸುಖವಾಗಿರಿ. ಮನಸ್ಸಾದಾಗ ಬನ್ನಿ."

ಗುಡಾಣದ ತಳದಿಂದ ಮೆಲ್ಲಗೆ, ಮೆಲ್ಲಗೆ ಮೇಲೆ ಬಂತು.

"ಹೂಂ."

ಓಬಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೂಂಗೆ ಭಾರವಿಲ್ಲ. ಇಡೋಕೆ ಜಾಗವೂ ಬೇಡ.

ಹಿತ್ತಿಲ ಬಾಗಿಲಿಂದ ಒಳಗೆ ಬಂದಳು. ಚಾಪೆ ಮೇಲೆ ಕೂತಳು. ಗಂಟು ಬಿಚ್ಚಿದಳು. ಹೂಂ ಹೋಗಿ ಗೋಡೆಯೊಳಗೆ ಕೂತಿತು. ಟಕ್ ಟಕ್, ಟಕ್ ಟಕ್, ಟಕ್ ಟಕ್! ಬಾಗಿಲು ನಡುಗುತ್ತಿತ್ತು. ಓಬಜ್ಜಿ ಯೋಚಿಸಿದಳು. ಏನು ಮುಖ ಕೊಡಲಿ? ಹುಲಿ ಮುಖ ಕೊಟ್ಟರೆ ತಿಂದುಬಿಡುತ್ತೆ. ರಾಜನ ಮುಖ ಕೊಟ್ಟರೆ ದರ್ಬಾರು ಮಾಡುತ್ತೆ. ಕಣ್ಣು ಮುಚ್ಚಿ ಹೇಳಿದಳು.

"ಯಾರೋ ಬಂದು ಬಾಗಿಲು ತಟ್ಟಿದರು."

"ಹೂಂ."

"ಬಂದದ್ದಕ್ಕೆ ದುಂಡು ಕಣ್ಣು."

"ಹೂಂ."

"ದುಂಡು ಕಣ್ಣು, ಗಿಡ್ಡ ಮೂಗು."

"ಹೂಂ."

"ದುಂಡು ಕಣ್ಣು, ಗಿಡ್ಡ ಮೂಗು, ಕೆನ್ನೆಗೆಲ್ಲ ಬೆಲ್ಲ."

"ಹೂಂ."

"ದುಂಡು ಕಣ್ಣು, ಗಿಡ್ಡ ಮೂಗು, ಕೆನ್ನೆಗೆಲ್ಲ ಬೆಲ್ಲ, ಮುಂದಿನ ಹಲ್ಲು ಬಿದ್ದಿದೆ."

"ಹೂಂ."

ಬಾಗಿಲ ಸದ್ದು ನಿಂತಿತು. ಓಬಜ್ಜಿ ಎದ್ದು ಬಾಗಿಲು ತೆಗೆದಳು. ಉದ್ದಕ್ಕಿದ್ದದ್ದು ಈಗ ಮೊಣಕಾಲೆತ್ತರ ಆಗಿತ್ತು. ಪುಟ್ಟ ಹುಡುಗಿ. ಒಳಗೆ ಬಂದಳು. ಸುತ್ತ ನೋಡಿದಳು. ಚಾಪೆ ಮೇಲೆ ಕೂತಳು.

"ಯಾಕೆ ಬಂದೆ ಮಗಾ?" ಅಂದಳು ಓಬಜ್ಜಿ.

"ಕಥೆ ಕೇಳೋಕೆ."

"ಮೊದ್ಲೇ ಯಾಕೆ ಬರ್ಲಿಲ್ಲ?"

"ದಿನಾ ಬರ್ತಿದ್ದೆ" ಅಂದಳು ಹುಡುಗಿ. "ಕೂರೋಕೆ ಜಾಗ ಎಲ್ಲಿತ್ತು ಅಜ್ಜಿ?"

ಓಬಜ್ಜಿ ಕಥೆ ಪೂರ್ತಿ ಹೇಳಿದಳು. ಕಥೆ ಮುಗಿಯಿತು. ಹೊತ್ತು ನಡೆಯಿತು. ಎತ್ತು ಬಾಲ ಬೀಸಿತು. ಕೆರೆಯ ಅಲೆ ದಡಕ್ಕೆ ಬಂತು. "...ಜ್ಜೀ, ಊಟ ಆಯ್ತಾ?" ಅಂತ ಸಾಕವ್ವ ಜಗಲಿಯಿಂದ ಕೂಗಿದಳು.

ಹುಡುಗಿ ಹೊರಟಳು. ಓಬಜ್ಜಿ ಹೊಸ್ತಿಲಲ್ಲಿ ನಿಂತಳು. ಏನಂದಳು? ಹೇಳಿ ನೋಡೋಣ. ಹಾಂ! "ಹೋಗಿ ಬಾ" ಅಂದಳು. ಹಾಗಂದಮೇಲೆ ಬರದೆ ಇರ್ತಾಳಾ? ಮಾರನೇ ಸಂಜೆ ಬಂದಳು. ಅದರ ಮಾರನೇ ಸಂಜೆಯೂ ಬಂದಳು. ಯಾರ ಮನೆ ಹುಡುಗಿ ಅಂತ ಸಾಕವ್ವ ಊರೆಲ್ಲ ಕೇಳಿದಳು. ಯಾರ ಮನೆಯದೂ ಅಲ್ಲ.

ಈಗ ಆ ಮನೆಯಲ್ಲಿ ಗೋಡೆ ಒಂದು ಹೂಂ ಅನ್ನುತ್ತೆ, ಹುಡುಗಿ ಒಂದು ಹೂಂ ಅಂತಾಳೆ. ಓಬಜ್ಜಿ ಕಾಲು ಚಾಚಿಕೊಂಡು ಕಥೆ ಹೇಳ್ತಾಳೆ. ಎಷ್ಟೋ ಸುಗ್ಗಿ ಬಂದು ಹೋಯಿತು. ಸಾಕವ್ವನ ಮಕ್ಕಳೆಲ್ಲ ದೊಡ್ಡವರಾದರು. ಆ ಹುಡುಗಿಯ ಮುಂದಿನ ಹಲ್ಲು ಮಾತ್ರ ಇನ್ನೂ ಬಂದಿಲ್ಲ. ಬಂತು ಅಂತ ಓಬಜ್ಜಿ ಇನ್ನೂ ಹೇಳಿಲ್ಲ.